ಜಗಳೂರು ದಿಕ್ಕಿನ ಹಳ್ಳಿಯಲ್ಲಿ ಕೆಂಪು ದೀಪ: ಒಂದು ಫೈಬರ್ ಸಂಪರ್ಕದ ಪ್ರಕರಣ ಅಧ್ಯಯನ

ದಾವಣಗೆರೆಯಿಂದ ಜಗಳೂರಿನ ಕಡೆಗೆ, ಫೈಬರ್ ಅಳತೆಯಲ್ಲಿ 17 ಕಿ.ಮೀ. ದೂರದ ಒಂದು ಹಳ್ಳಿ. ಮೆಕ್ಕೆಜೋಳದ ಊರು, ಗ್ರಾಮ ಪಂಚಾಯಿತಿ ಕೇಂದ್ರವಲ್ಲ. ಇಲ್ಲಿ 30 ಮನೆಗಳಿಗೆ ಫೈಬರ್ ಇಂಟರ್‌ನೆಟ್ ಇದೆ. ಆಷಾಢ ಹುಟ್ಟಿ ಗಾಳಿ ಎದ್ದ ಮೇಲೆ 14 ಮನೆಗಳಲ್ಲಿ ಒಂದೇ ದೂರು: ಬೆಳಗ್ಗೆ ನೆಟ್ ಇರುತ್ತದೆ, ಮಧ್ಯಾಹ್ನ ಗಾಳಿ ಬೀಸಿದರೆ ಮನೆಯ ಇಂಟರ್‌ನೆಟ್ ಪೆಟ್ಟಿಗೆಯ ಮೇಲೆ ಕೆಂಪು ದೀಪ, ರಾತ್ರಿ ಗಾಳಿ ತಗ್ಗಿದರೆ ಮತ್ತೆ ಹಸಿರು. ಉಳಿದ 16 ಮನೆಗಳಲ್ಲಿ ಒಂದನ್ನು ಬಿಟ್ಟರೆ ಯಾರಿಗೂ ತೊಂದರೆ ಇಲ್ಲ. ಎಲ್ಲರದೂ ಒಂದೇ ಪ್ಲಾನ್: 100 ಎಂಬಿಪಿಎಸ್, ತಿಂಗಳಿಗೆ 399 ರೂ., ಶೇ. 18 ಜಿಎಸ್‌ಟಿ ಸೇರಿ 471 ರೂ.

ಈ ಹಳ್ಳಿಯನ್ನೇ ಅಧ್ಯಯನಕ್ಕೆ ತೆಗೆದುಕೊಂಡಿದ್ದಕ್ಕೆ ಕಾರಣವಿದೆ. ಶ್ರೀಮಂತ ದೇಶಗಳ ಬ್ರಾಡ್‌ಬ್ಯಾಂಡನ್ನೂ ನಮ್ಮದನ್ನೂ ಹೋಲಿಸುವಾಗ ಸಾಮಾನ್ಯವಾಗಿ ಎರಡೇ ಸಂಖ್ಯೆ ಮುಂದಿಡುತ್ತಾರೆ: ನೂರು ಜನಕ್ಕೆ ಎಷ್ಟು ಸಂಪರ್ಕ, ಎಷ್ಟು ವೇಗ. ಎರಡನೆಯದರಲ್ಲಿ ಈ ಹಳ್ಳಿ ಯುರೋಪಿನ ಎಷ್ಟೋ ಮನೆಗಳಿಗೆ ಸಮ. ಆದರೂ ಇಲ್ಲಿನ ಹುಡುಗಿಯೊಬ್ಬಳು ಆನ್‌ಲೈನ್ ಪರೀಕ್ಷೆಗೆ ಕೂರುವ ದಿನ ಮನೆಯ ಫೈಬರನ್ನು ನಂಬುವುದಿಲ್ಲ, ಅಪ್ಪನ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಳ್ಳುತ್ತಾಳೆ. ಆ ಅಪನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬೆಳಕಿನ ನಷ್ಟದ ಅಳತೆಯಾದ ಡೆಸಿಬೆಲ್‌ನಲ್ಲಿ ಅಳೆದು ತೋರಿಸಬಹುದು.

ಜಾಲ ಹೇಗಿತ್ತು

ದಾವಣಗೆರೆಯ ಕೊಠಡಿಯಲ್ಲಿ ಓಎಲ್‌ಟಿ, ಅಂದರೆ ಫೈಬರಿನೊಳಗೆ ಬೆಳಕು ಕಳಿಸುವ ಯಂತ್ರ ಇದೆ. ಅದರ ಒಂದು ಜಿಪಾನ್ (ಒಂದೇ ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ಪದ್ಧತಿ) ಪೋರ್ಟಿನಿಂದ ಒಂದೇ ಎಳೆ ಗಾಜು ಹಳ್ಳಿಯವರೆಗೆ ಬರುತ್ತದೆ. ಊರಬಾಗಿಲ ಕಂಬದಲ್ಲಿ ಬೆಳಕನ್ನು ನಾಲ್ಕಾಗಿ ಒಡೆಯುವ 1:4 ಸ್ಪ್ಲಿಟರ್. ಅದರ ಮೂರು ಕವಲುಗಳು ಮೂರು ಬೀದಿಗೆ ಹೋಗಿ, ಪ್ರತಿ ಬೀದಿಯ ಪೆಟ್ಟಿಗೆಯಲ್ಲಿ 1:8 ಆಗಿ ಒಡೆಯುತ್ತವೆ. ನಾಲ್ಕನೆಯ ಕವಲು ಶಾಲೆಯ ಕಡೆಗೆಂದು ಖಾಲಿ ಉಳಿಸಿದ್ದು. ಈ 17 ಕಿ.ಮೀ.ಯಲ್ಲಿ ಎಲ್ಲೂ ಕರೆಂಟ್ ಬೇಕಾದ ಸಾಧನವಿಲ್ಲ. ಕರೆಂಟ್ ಬೇಕಾದದ್ದು ಎರಡು ತುದಿಗೆ ಮಾತ್ರ. ನಮ್ಮಂಥ ಕಡೆಗೆ ಇದು ದೊಡ್ಡ ಅನುಕೂಲ.

ಪೋರ್ಟಿನ ಸಾಮರ್ಥ್ಯ ಕೆಳಮುಖವಾಗಿ 2.488 ಜಿಬಿಪಿಎಸ್, ಮೇಲ್ಮುಖವಾಗಿ 1.244. ಮೂವತ್ತು ಮನೆ ಒಟ್ಟಿಗೆ 100ರಂತೆ ಎಳೆದರೆ 3 ಜಿಬಿಪಿಎಸ್ ಆಗಿ ಮೀರುತ್ತದೆ, ನಿಜ. ಆದರೆ ಎಲ್ಲರೂ ಏಕಕಾಲಕ್ಕೆ ಹಾಗೆ ಎಳೆಯುವುದಿಲ್ಲ. ಸಂಜೆಯ ಒತ್ತಡದಲ್ಲೂ ಮನೆಯೊಂದಕ್ಕೆ ಸರಾಸರಿ ಕೆಲವೇ ಎಂಬಿಪಿಎಸ್ ಸಾಕು. ಹಾಗಾಗಿ "ಜನ ಜಾಸ್ತಿ ಆದರು, ಅದಕ್ಕೇ ನೆಟ್ ಹೋಗ್ತದೆ" ಎಂಬ ಊರಿನ ವಿವರಣೆ ಇಲ್ಲಿ ಸರಿಯಲ್ಲ. ಜನ ಜಾಸ್ತಿಯಾದರೆ ನೆಟ್ ನಿಧಾನವಾಗುತ್ತದೆ, ಕೆಂಪು ದೀಪ ಬರುವುದಿಲ್ಲ. ಕೆಂಪು ದೀಪಕ್ಕೆ ಒಂದೇ ಅರ್ಥ: ಮನೆಯ ಪೆಟ್ಟಿಗೆಗೆ ಸಾಕಷ್ಟು ಬೆಳಕು ಮುಟ್ಟುತ್ತಿಲ್ಲ. ದೂರು ಬರೆದುಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು, ದೀಪದ ಬಣ್ಣ ಯಾವುದು ಎಂದು.

ಬೆಳಕಿನ ಲೆಕ್ಕ ಹೀಗೆ. ಡಿಬಿ ಅಂದರೆ ಡೆಸಿಬೆಲ್, ನಷ್ಟದ ಅಳತೆ. ಡಿಬಿಎಂ ಬೆಳಕಿನ ಬಲದ ಅಳತೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಓಎಲ್‌ಟಿಯಲ್ಲಿ ಬೆಳಕು ಬಿಡುವ ಭಾಗವಾದ ಜಿಪಾನ್ ಕ್ಲಾಸ್ ಬಿ ಪ್ಲಸ್ ಆಪ್ಟಿಕ್ಸ್ +1.5ರಿಂದ +5 ಡಿಬಿಎಂ ಬೆಳಕು ಬಿಡುತ್ತದೆ. ಇಲ್ಲಿ +3 ಇತ್ತು. 1490 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಕಿ.ಮೀ.ಗೆ 0.25 ಡಿಬಿಯಂತೆ 17 ಕಿ.ಮೀ.ಗೆ 4.25 ನಷ್ಟ. 2 ಕಿ.ಮೀ.ಗೆ ಒಂದರಂತೆ 9 ಜಾಯಿಂಟ್, ತಲಾ 0.1, ಒಟ್ಟು 0.9. 1:4 ಸ್ಪ್ಲಿಟರಿಗೆ 7.2, 1:8ಕ್ಕೆ 10.5. ನಾಲ್ಕು ಕನೆಕ್ಟರಿಗೆ 0.4ರಂತೆ 1.6. ಎಲ್ಲ ಕೂಡಿದರೆ 24.45 ಡಿಬಿ. ಅಂದರೆ ಮನೆಗೆ ಮುಟ್ಟಬೇಕಾದ ಬೆಳಕು −21.45 ಡಿಬಿಎಂ. ಮನೆಯ ಪೆಟ್ಟಿಗೆ −27ರವರೆಗೆ ಓದಬಲ್ಲದು. ಕೈಯಲ್ಲಿ ಐದೂವರೆ ಡಿಬಿ ಉಳಿತಾಯವಿದೆ. ಕಾಗದದ ಮೇಲೆ ಒಳ್ಳೆಯ ವಿನ್ಯಾಸವೇ. ಹಾಕಿದವರಿಗೆ ಕೆಲಸ ಗೊತ್ತಿತ್ತು.

ಐದೂವರೆ ಡಿಬಿ ಎಲ್ಲಿ ಹೋಯಿತು

ಒಂದೇ ಏಟಿಗೆ ಹೋಗಲಿಲ್ಲ. ನಾಲ್ಕು ಕಡೆ ಸೋರಿತು, ಒಂದೊಂದೂ ತನ್ನಷ್ಟಕ್ಕೆ ಸಣ್ಣದೇ.

ಮೊದಲನೆಯದು ರಸ್ತೆ. ಅಗಲೀಕರಣದ ಕೆಲಸದಲ್ಲಿ ಜೆಸಿಬಿ ಮೂರು ಸಲ ಕೇಬಲ್ ಹರಿಯಿತು. ಹರಿದ ಕೇಬಲನ್ನು ಎಳೆದು ಕೂಡಿಸಲು ಆಗುವುದಿಲ್ಲ, ನಡುವೆ ಹೊಸ ತುಂಡು ಸೇರಿಸಬೇಕು. ಹಾಗಾಗಿ ಒಂದು ಕಡಿತಕ್ಕೆ ಎರಡು ಜಾಯಿಂಟ್, ಮೂರಕ್ಕೆ ಆರು. ಆ ಆರನ್ನೂ ರಸ್ತೆ ಬದಿಯ ಧೂಳಿನಲ್ಲಿ, ಬೈಕಿನ ಸೀಟನ್ನೇ ಮೇಜು ಮಾಡಿಕೊಂಡು, ಸಂಜೆಯೊಳಗೆ ಲೈನ್ ಎಬ್ಬಿಸಬೇಕೆಂಬ ಒತ್ತಡದಲ್ಲಿ ಹಾಕಿದ್ದು. ಸವೆದ ಕ್ಲೀವರ್ ಬ್ಲೇಡಿನಿಂದ ಕತ್ತರಿಸಿದ ಎಳೆಯ ತುದಿ ಓರೆಯಾಗುತ್ತದೆ, ಓರೆ ತುದಿ ಬೆಸೆದರೆ ಬೆಳಕು ಸೋರುತ್ತದೆ. ತಲಾ 0.25ರಂತೆ 1.5 ಡಿಬಿ ಹೋಯಿತು. ಈಗ −22.95.

ಎರಡನೆಯದು ಊರು ಬೆಳೆದದ್ದು. ನಾಲ್ಕನೆಯ ಓಣಿಯಲ್ಲಿ ಆರು ಮನೆ ಸಂಪರ್ಕ ಕೇಳಿದವು. ಖಾಲಿ ಇದ್ದ ನಾಲ್ಕನೆಯ ಕವಲಿನಿಂದ ಕೊಟ್ಟಿದ್ದರೆ ಚಿಂತೆಯೇ ಇರಲಿಲ್ಲ. ಆದರೆ ಅದಕ್ಕೆ 350 ಮೀಟರ್ ಕೇಬಲ್ ಎಳೆಯಬೇಕಿತ್ತು. ಅದರ ಬದಲು ಮೂರನೆಯ ಪೆಟ್ಟಿಗೆಯ ಹಿಂದೆ ಒಂದು 1:2 ಸ್ಪ್ಲಿಟರ್ ಸಿಕ್ಕಿಸಿ, ಒಂದು ಕಾಲನ್ನು ಹಳೆಯ ಪೆಟ್ಟಿಗೆಗೂ ಇನ್ನೊಂದನ್ನು ಹೊಸ ಪೆಟ್ಟಿಗೆಗೂ ಕೊಟ್ಟರು. ಕೈಗೆಟಕುವ ಸ್ಪ್ಲಿಟರ್‌ಗಳಲ್ಲೇ ಅಗ್ಗದ್ದು ಅದು, ಆದರೆ 3.5 ಡಿಬಿ ತಿನ್ನುತ್ತದೆ. ಹಳೆಯ 8 ಮನೆ, ಹೊಸ 6 ಮನೆ, ಒಟ್ಟು 14 ಮನೆಗಳ ಬೆಳಕು −26.45ಕ್ಕೆ ಇಳಿಯಿತು. ಅಲ್ಲಿಂದಲ್ಲಿಗೆ ಸರಿ. ಅವತ್ತು ಎಲ್ಲ ಮನೆಯಲ್ಲೂ ಹಸಿರು ದೀಪ ಬಂತು, ಬಂದವರು ಸಾಮಾನು ಕಟ್ಟಿಕೊಂಡು ಹೊರಟರು. ಈ ಪ್ರಕರಣದಲ್ಲಿ ನಿಜವಾದ ತಪ್ಪು ಎಂದು ಒಂದನ್ನು ತೋರಿಸುವುದಾದರೆ ಇದೇ: ದೀಪ ನೋಡಿದರು, ಮೀಟರ್ ಇಟ್ಟು ನೋಡಲಿಲ್ಲ.

ಮೂರನೆಯದು ಗಾಳಿ. ಊರಿಗೆ ಬರುವ ಮೊದಲು ಒಂದು ಮೋರಿ ಇದೆ. ರಸ್ತೆ ಕೆಲಸದವರು ಕಂಬ ಸರಿಸಿದಾಗ ಉಳಿದ ಹೆಚ್ಚುವರಿ ಕೇಬಲನ್ನು ಅಂಗೈ ಅಗಲದ ಸುರುಳಿ ಮಾಡಿ, ಕಟ್ಟುತಂತಿಯಿಂದ ಬಿಗಿದಿದ್ದರು. ಸಾಮಾನ್ಯ ಜಿ.652 ಮಾದರಿಯ ಗಾಜಿನ ಎಳೆಯನ್ನು 30 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು, ಹೊರಕವಚವಿರುವ ಕೇಬಲಿಗಂತೂ ಅದರ ವ್ಯಾಸದ ಹತ್ತಾರು ಪಟ್ಟು ಬಾಗು ಬಿಡಬೇಕು. ಗಾಳಿ ಬೀಸಿ ಕೇಬಲ್ ಜಗ್ಗಿದಾಗಲೆಲ್ಲ ಕಟ್ಟುತಂತಿ ಬಿಗಿದ ಜಾಗದಲ್ಲಿ ಎಳೆ ಮಡಿಚಿಕೊಂಡು ಬೆಳಕು ಹೊರಚೆಲ್ಲುತ್ತಿತ್ತು. ಸುಮಾರು 1.2 ಡಿಬಿ, ಜೋರು ಗಾಳಿಗೆ ಅದಕ್ಕೂ ಹೆಚ್ಚು. ಈ ನಷ್ಟ ಎಲ್ಲ 30 ಮನೆಗೂ ಸಮಾನ. ಆದರೆ 16 ಮನೆಗಳು −22.95ರಿಂದ −24.15ಕ್ಕೆ ಇಳಿದವು, ಅವರಿಗೆ ಗೊತ್ತೂ ಆಗಲಿಲ್ಲ. 14 ಮನೆಗಳು −27.65ಕ್ಕೆ ಇಳಿದು ದಡ ದಾಟಿದವು. ಗಾಳಿ ನಿಂತರೆ ಮತ್ತೆ ದಡಕ್ಕೆ. ಬೆಳಗ್ಗೆ ಹಸಿರು, ಮಧ್ಯಾಹ್ನ ಕೆಂಪು ಎಂಬ ಒಗಟಿನ ಉತ್ತರ ಇಷ್ಟೇ.

ನಾಲ್ಕನೆಯದು ಆ ಒಂಟಿ ಮನೆ. ಒಳ್ಳೆಯ ಪೆಟ್ಟಿಗೆಯಲ್ಲಿದ್ದೂ ಅದೇ ಹೊತ್ತಿಗೆ ಕೆಂಪು ದೀಪ ಹತ್ತುತ್ತಿದ್ದ ಈ ಮನೆ ತನಿಖೆಯನ್ನು ಎರಡು ದಿನ ದಾರಿ ತಪ್ಪಿಸಿತು. ಮೂರನೆಯ ಪೆಟ್ಟಿಗೆಯಲ್ಲಷ್ಟೇ ದೋಷವಿದ್ದರೆ ಎರಡನೆಯ ಪೆಟ್ಟಿಗೆಯ ಮನೆ ಯಾಕೆ ಸಾಯುತ್ತದೆ? ಕೊನೆಗೆ ಗೋಡೆಯ ಪ್ಲಗ್ ಕಳಚಿದಾಗ ಕಂಡಿತು: ಹಸಿರು ಸಾಕೆಟ್ಟಿಗೆ ನೀಲಿ ಪ್ಲಗ್. ಹಸಿರು ಎಪಿಸಿಯ ಮೂತಿ 8 ಡಿಗ್ರಿ ಓರೆ, ನೀಲಿ ಯುಪಿಸಿಯದು ನೇರ. ಎರಡನ್ನೂ ಕೂಡಿಸಿದರೆ ನಡುವೆ ಗಾಳಿಯ ಸಂದು ಉಳಿದು ಸುಮಾರು 3 ಡಿಬಿ ಹೋಗುತ್ತದೆ, ಬೆಳಕು ವಾಪಸ್ ಪ್ರತಿಫಲಿಸುವ ತೊಂದರೆ ಬೇರೆ. −24.15ರಲ್ಲಿ 3 ಕಳೆದರೆ −27.15. ಒಳಗೆ ಸಲೀಸಾಗಿ ಕೂರುತ್ತದೆ, ಟಿಕ್ ಎಂದು ಸದ್ದೂ ಮಾಡುತ್ತದೆ, ಹಾಗಾಗಿ ಹಾಕಿದವನಿಗೆ ಅನುಮಾನ ಬರುವುದಿಲ್ಲ. ಬಣ್ಣ ನೋಡುವುದೊಂದೇ ದಾರಿ.

ಹುಡುಕಿದ ಬಗೆ

ಮನೆಯಿಂದ ಶುರು ಮಾಡದೆ ಬೀದಿಯ ಪೆಟ್ಟಿಗೆಯಿಂದ ಶುರು ಮಾಡಬೇಕು. ಬೆಳಕು ಅಳೆಯುವ ಪಾನ್ ಪವರ್ ಮೀಟರನ್ನು 1490ಕ್ಕೆ ಇಟ್ಟು ನಾಲ್ಕೂ ಪೆಟ್ಟಿಗೆಗಳ ಒಂದೊಂದು ಖಾಲಿ ಕಾಲನ್ನು, ಎಲ್ಲವೂ ತುಂಬಿದ್ದಲ್ಲಿ ಒಂದು ಮನೆಯ ಕಾಲನ್ನು ಕಳಚಿ ಅಳೆದರು. ಪೆಟ್ಟಿಗೆ 1 ಮತ್ತು 2ಕ್ಕೂ ಪೆಟ್ಟಿಗೆ 3 ಮತ್ತು 4ಕ್ಕೂ ಮೂರೂವರೆ ಡಿಬಿ ಅಂತರ ಕಂಡೊಡನೆ ನಡುವೆ ಎಲ್ಲೋ ಲೆಕ್ಕಕ್ಕಿಲ್ಲದ 1:2 ಇದೆ ಎಂದು ಅರ್ಥವಾಯಿತು. ಅದು ನಕ್ಷೆಯಲ್ಲಿರಲಿಲ್ಲ. ಕಂಬ ಹತ್ತಿ ನೋಡಿದಾಗ ಇನ್ಸುಲೇಷನ್ ಟೇಪ್ ಸುತ್ತಿ, ಪೆಟ್ಟಿಗೆಯ ಹೊರಗೇ ನೇತಾಡುತ್ತಿತ್ತು.

ಮೋರಿಯ ಬಾಗು ಹುಡುಕಲು, ಎಳೆಯಲ್ಲಿ ಎಷ್ಟು ದೂರಕ್ಕೆ ಎಷ್ಟು ನಷ್ಟ ಎಂದು ತೋರಿಸುವ ಓಟಿಡಿಆರ್ ಉಪಕರಣ ಬೇಕಾಯಿತು. ಊರಬಾಗಿಲಲ್ಲಿ 1:4ರ ಒಳಬರುವ ಎಳೆ ಕಳಚಿ, ಅಲ್ಲಿಂದ ದಾವಣಗೆರೆಯ ಕಡೆಗೆ ಬೆಳಕು ಬಿಟ್ಟು ನೋಡಬೇಕು. ಸ್ಪ್ಲಿಟರ್ ಮೂಲಕ ನೋಡಿದರೆ ಚಿತ್ರ ಕಲಸಿಹೋಗುತ್ತದೆ. ಅದಕ್ಕೆ ಮುಂಚೆ ಆ ತುದಿಯ ಓಎಲ್‌ಟಿ ಪೋರ್ಟನ್ನೂ ಕಳಚಿಸಬೇಕು, ಇಲ್ಲವಾದರೆ ಎದುರಿಂದ ಬರುವ ಬೆಳಕು ಅಳತೆ ಕೆಡಿಸುತ್ತದೆ, ಉಪಕರಣಕ್ಕೂ ಪೆಟ್ಟು. ಅಷ್ಟು ಹೊತ್ತು 30 ಮನೆಗೂ ನೆಟ್ ಇಲ್ಲ, ಹಿಂದಿನ ದಿನವೇ ಹೇಳಿ ಮಾಡಿದ್ದು ಒಳ್ಳೆಯದಾಯಿತು. ಒಂದೇ ಎಳೆಯನ್ನು 1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ಅಳೆಯುವುದು ಇಲ್ಲಿನ ಗುಟ್ಟು. ಕೆಟ್ಟ ಜಾಯಿಂಟ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ನಷ್ಟ ತೋರಿಸುತ್ತದೆ. ಬಾಗು 1310ರಲ್ಲಿ ಅಷ್ಟಾಗಿ ಕಾಣುವುದಿಲ್ಲ, 1550ರಲ್ಲಿ ಎದ್ದು ಕಾಣುತ್ತದೆ. ಮೋರಿಯ ಜಾಗದಲ್ಲಿ 1310ರಲ್ಲಿ 0.3 ಇದ್ದದ್ದು 1550ರಲ್ಲಿ 1.9 ಇತ್ತು. ಬಾಗೇ ಎಂದು ತೀರ್ಮಾನಿಸಲು ಅಷ್ಟು ಸಾಕಿತ್ತು. ಬೆಸೆಯುವ ಯಂತ್ರ ಹೊರತೆಗೆಯಲೇ ಇಲ್ಲ. ತಂತಿ ಕತ್ತರಿಸಿ, ಸುರುಳಿಯನ್ನು ಮೊಳದಗಲ ಮಾಡಿ, ಚೌಕಟ್ಟಿನ ಮೇಲೆ ಸಡಿಲವಾಗಿ ಕೂರಿಸಿದರು.

ಸ್ಟಾಕ್‌ಹೋಮ್, ಟೋಕಿಯೊ ಮತ್ತು ಈ ಮೋರಿ

ಇಲ್ಲಿ ಬಳಸಿದ ಗಾಜು ಜಿ.652.ಡಿ. ಸ್ಟಾಕ್‌ಹೋಮಿನ ನೆಲದಡಿ ಇರುವುದೂ ಅದೇ ಜಾತಿಯದು. ಜಿಪಾನ್ ಎಂಬ ಮಾನದಂಡವೂ ಜಗತ್ತಿಗೆಲ್ಲ ಒಂದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿ?

ಕಂಬದ ಮೇಲೆ ಕೇಬಲ್ ತೂಗುಬಿಟ್ಟದ್ದರಲ್ಲಿ ಎಂದು ಹಲವರು ಹೇಳುತ್ತಾರೆ. ಅದು ತಪ್ಪು ತಿಳಿವಳಿಕೆ. ಜಪಾನಿನಲ್ಲೂ ಮನೆಗಳ ಫೈಬರ್ ಬಹುಪಾಲು ಕಂಬಗಳ ಮೇಲೆಯೇ ಹೋಗುತ್ತದೆ, ಆದರೂ ಜಗತ್ತಿನ ಅತ್ಯುತ್ತಮ ಫೈಬರ್ ಜಾಲಗಳಲ್ಲಿ ಅದೊಂದು. ಅಲ್ಲಿ ಕಂಬ ಯಾರದು, ಯಾವ ಎತ್ತರದಲ್ಲಿ ಯಾರ ಕೇಬಲ್, ಬಾಡಿಗೆ ಎಷ್ಟು, ಕಂಬ ಸರಿಸಿದರೆ ಯಾರಿಗೆ ಮುಂಚೆ ತಿಳಿಸಬೇಕು ಎಂಬುದೆಲ್ಲ ಬರಹದಲ್ಲಿದೆ. ದೊಡ್ಡ ಕಂಪನಿ ತನ್ನ ಕಂಬವನ್ನೂ ಖಾಲಿ ಎಳೆಯನ್ನೂ ಪ್ರತಿಸ್ಪರ್ಧಿಗೆ ಬಾಡಿಗೆಗೆ ಕೊಡಲೇಬೇಕು. ಸ್ಟಾಕ್‌ಹೋಮ್ ನಗರಾಡಳಿತ 1994ರಲ್ಲಿ ಸ್ಟೋಕಾಬ್ ಎಂಬ ಸ್ವಂತ ಕಂಪನಿ ಕಟ್ಟಿ, ಒಮ್ಮೆ ಅಗೆದು ಫೈಬರ್ ಹಾಕಿ, ಎಲ್ಲ ಸೇವಾದಾರರಿಗೂ ಖಾಲಿ ಎಳೆ ಬಾಡಿಗೆಗೆ ಕೊಟ್ಟಿತು. ಬ್ರಿಟನ್ನಿನಲ್ಲಿ ಓಪನ್‌ರೀಚ್ ಎಂಬ ಜಾಲ ಕಂಪನಿ ತನ್ನ ಕೊಳವೆ ಮತ್ತು ಕಂಬಗಳನ್ನು ಇತರರಿಗೆ ತೆರೆದಿಡಬೇಕೆಂದು ನಿಯಂತ್ರಕರ ಆದೇಶವಿದೆ. ನಮ್ಮ ಮೋರಿಯ ಬಳಿ ಕಂಬ ಸರಿಸಿದವರಿಗೆ ಅದರ ಮೇಲಿನ ಕಪ್ಪು ಕೇಬಲ್ ಯಾರದೆಂದು ಗೊತ್ತಿರಲಿಲ್ಲ. ಕೇಳಲು ಫೋನ್ ನಂಬರಿನ ಚೀಟಿಯೂ ಅದರ ಮೇಲೆ ಇರಲಿಲ್ಲ.

ಇನ್ನೊಂದು ಕಾರಣ ಹಳೆಯದು. ಶ್ರೀಮಂತ ದೇಶಗಳಲ್ಲಿ ಇಂಟರ್‌ನೆಟ್ ಬರುವ ಹೊತ್ತಿಗೆ ಹೆಚ್ಚುಕಡಿಮೆ ಪ್ರತಿ ಮನೆಗೂ ಟೆಲಿಫೋನಿನ ತಾಮ್ರದ ಜೋಡಿತಂತಿ ಇತ್ತು, ಎಷ್ಟೋ ಕಡೆ ಕೇಬಲ್ ಟಿವಿಯ ಕೊಳವೆ ದಾರಿಯೂ ಇತ್ತು. ಅದೇ ದಾರಿಯಲ್ಲಿ ಮೊದಲು ಡಿಎಸ್‌ಎಲ್ (ಫೋನ್ ತಂತಿಯ ಇಂಟರ್‌ನೆಟ್), ಆಮೇಲೆ ಫೈಬರ್ ನಡೆಯಿತು. ಭಾರತದಲ್ಲಿ ಲ್ಯಾಂಡ್‌ಲೈನ್ ಮೇಲೇರಿದ ಕಾಲದಲ್ಲೂ ಸುಮಾರು 5 ಕೋಟಿಯಷ್ಟೇ. ಮನೆ ಬಾಗಿಲಿನವರೆಗಿನ ದಾರಿಯನ್ನೇ ನಾವು ಈಗ ಹೊಸದಾಗಿ ಮಾಡುತ್ತಿದ್ದೇವೆ, ಅದೂ ಚಿತ್ರದುರ್ಗ, ಜಗಳೂರು ಸೀಮೆಯ ಗಟ್ಟಿ ಕಲ್ಲುನೆಲದ ಮೇಲೆ. ಅಗೆಯುವುದು ದುಬಾರಿಯೆಂದು ಕಂಬ ಹತ್ತಿದೆವು. ಹತ್ತಲು ಅಗ್ಗವಾಯಿತು, ಕಾಯಲು ದುಬಾರಿಯಾಯಿತು.

ಸಂಖ್ಯೆ ಓದುವಾಗ ಎಚ್ಚರ

ಅಧಿಕ ಆದಾಯದ ದೇಶಗಳಲ್ಲಿ ನೂರು ಜನಕ್ಕೆ ಸುಮಾರು 38 ಸ್ಥಿರ ಬ್ರಾಡ್‌ಬ್ಯಾಂಡ್ ಸಂಪರ್ಕ, ಭಾರತದಲ್ಲಿ 3ರ ಆಸುಪಾಸು. 2024ರ ಕೊನೆಗೆ ನಮ್ಮಲ್ಲಿ ತಂತಿಯ ಬ್ರಾಡ್‌ಬ್ಯಾಂಡ್ ಸುಮಾರು 4 ಕೋಟಿ, ಮೊಬೈಲ್ ಬ್ರಾಡ್‌ಬ್ಯಾಂಡ್ ಸುಮಾರು 90 ಕೋಟಿ. ಅಂತರ ದೊಡ್ಡದೇ. ಆದರೆ ಸ್ಥಿರ ಸಂಪರ್ಕ ತಲೆಗೊಂದಲ್ಲ, ಮನೆಗೊಂದು. ನಮ್ಮ ಮನೆಯಲ್ಲಿ ನಾಲ್ಕೈದು ಜನ, ಅಲ್ಲಿ ಎರಡೂವರೆಗಿಂತ ಕಡಿಮೆ. ಮನೆ ಲೆಕ್ಕಕ್ಕೆ ತಿರುಗಿಸಿದರೆ ಅಲ್ಲಿ ನೂರು ಮನೆಗೆ ಸುಮಾರು 90, ಇಲ್ಲಿ 13. ಹದಿಮೂರು ಪಟ್ಟಿನ ಅಂತರ ಏಳು ಪಟ್ಟಿಗೆ ಇಳಿಯುತ್ತದೆ. ಅಂಗಡಿ, ಕಚೇರಿಗಳ ಸಂಪರ್ಕವೂ ಇದರಲ್ಲಿ ಸೇರಿರುವುದರಿಂದ ಇದು ಅಂದಾಜು ಲೆಕ್ಕ.

ಬ್ರಾಡ್‌ಬ್ಯಾಂಡ್ ಎಂಬ ಮಾತಿಗೂ ಎಲ್ಲ ಕಡೆ ಒಂದೇ ಅರ್ಥವಿಲ್ಲ. ಭಾರತ 2023ರ ಜನವರಿಯಲ್ಲಿ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಅಮೆರಿಕ 2024ರ ಮಾರ್ಚಿನಲ್ಲಿ 25/3ರಿಂದ 100/20ಕ್ಕೆ (ಡೌನ್‌ಲೋಡ್/ಅಪ್‌ಲೋಡ್, ಎಂಬಿಪಿಎಸ್‌ನಲ್ಲಿ) ಏರಿಸಿತು.

ಬೆಲೆಯ ಮಾತಿಗೆ ಬಂದರೆ, ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ತಲಾ ಮಾಸಿಕ ಆದಾಯದ ಶೇ. 2ಕ್ಕಿಂತ ಕಡಿಮೆ ಇರಬೇಕೆಂದು 2025ರ ಗುರಿ ಇಟ್ಟಿತ್ತು. ಭಾರತದ ತಲಾ ಆದಾಯ ತಿಂಗಳಿಗೆ ಸುಮಾರು 18,000 ರೂ. ಎಂದುಕೊಂಡರೆ 471 ರೂ. ಅಂದರೆ ಶೇ. 2.6. ಶ್ರೀಮಂತ ದೇಶಗಳಲ್ಲಿ ಇದು ಶೇ. 1ರ ಹತ್ತಿರ. ಕಡು ಬಡ ದೇಶಗಳಲ್ಲಿ 2024ರಲ್ಲಿ ಶೇ. 25ಕ್ಕೂ ಮೇಲಿತ್ತು. ನಾವು ಗುರಿಯ ಹತ್ತಿರ ಇದ್ದೇವೆ. ಆದರೆ ಸರಾಸರಿ ಆದಾಯ ಈ ಹಳ್ಳಿಯ ಕೂಲಿ ಕುಟುಂಬದ ಆದಾಯವಲ್ಲ. ಇನ್ನೂ ಮುಖ್ಯವಾದದ್ದು ಬೇರೆ: ತಿಂಗಳಲ್ಲಿ 5 ದಿನ ನೆಟ್ ಇಲ್ಲದಿದ್ದರೆ ಸಿಕ್ಕಿದ್ದು ಶೇ. 83 ಸೇವೆ. ಒಳ್ಳೆಯ ಜಾಲದ ಗುರಿ ಶೇ. 99.9, ಅಂದರೆ ತಿಂಗಳಿಗೆ 43 ನಿಮಿಷ ಮಾತ್ರ ನಿಲುಗಡೆ. ದೇಶದೇಶಗಳ ಹೋಲಿಕೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಈ ಅಂಕಣವೇ ಇರುವುದಿಲ್ಲ. ಹೊಲ ಮಾರಿದ ದುಡ್ಡಿನಲ್ಲಿ ಮಗಳನ್ನು ಓದಿಸುವ ಮನೆಗೆ 100 ಎಂಬಿಪಿಎಸ್‌ಗಿಂತ ಬೇಕಾಗಿರುವುದು ದಿನಾಲೂ ಬಿಡದೆ ಸಿಗುವ 20 ಎಂಬಿಪಿಎಸ್.

ಸರಿಪಡಿಸಿದ್ದು

1:2 ತೆಗೆದು, 350 ಮೀಟರ್ ಕೇಬಲ್ ಎಳೆದು, ನಾಲ್ಕನೆಯ ಪೆಟ್ಟಿಗೆಯನ್ನು ನಾಲ್ಕನೆಯ ಕವಲಿಗೆ ಕೊಟ್ಟರು. ಶಾಲೆಗೆ ಬೇಕಾದಾಗ ಆ ಪೆಟ್ಟಿಗೆಯ ಖಾಲಿ ಕಾಲು ಇದೆ. ಆರು ಜಾಯಿಂಟನ್ನೂ ಬಿಚ್ಚಿ ಹೊಸ ಬ್ಲೇಡ್ ಹಾಕಿ ಬೆಸೆದರು: ಎಳೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕ್ಲೀವ್ ಮಾಡಿದ ಮೇಲೆ ಮತ್ತೆ ಮುಟ್ಟದೆ, ಯಂತ್ರ 0.05ಕ್ಕಿಂತ ಹೆಚ್ಚು ನಷ್ಟ ತೋರಿಸಿದರೆ ಮುರಿದು ಮತ್ತೊಮ್ಮೆ. ಯಂತ್ರ ತೋರಿಸುವುದು ಅಂದಾಜು ಮಾತ್ರ, ಕೊನೆಯ ಮಾತು ಓಟಿಡಿಆರಿನದು. ಈ ಕೆಲಸ ವ್ಯಾನಿನೊಳಗೆ, ಗಾಳಿಗೆ ಬಾಗಿಲು ಮುಚ್ಚಿಕೊಂಡು ನಡೆಯಿತು. 1.5 ಡಿಬಿ ಇದ್ದ ನಷ್ಟ 0.5ಕ್ಕೆ ಇಳಿಯಿತು. ಜಾಯಿಂಟ್ ಮುಚ್ಚಿಡುವ ಡಬ್ಬಿಯ, ಅಂದರೆ ಕ್ಲೋಷರಿನ ರಬ್ಬರ್ ರಿಂಗ್ ಹೊಸದು, ಪ್ರತಿಯೊಂದರ ಬಳಿ 15 ಮೀಟರ್ ಹೆಚ್ಚುವರಿ ಕೇಬಲ್. ಒಂಟಿ ಮನೆಗೆ ಹಸಿರು ಪ್ಲಗ್. ಈಗ ಎಲ್ಲ 30 ಮನೆಯಲ್ಲೂ −22ರ ಆಸುಪಾಸು.

ಕರೆಂಟಿನ ತೊಂದರೆ ಬೇರೆಯದು, ಅದನ್ನು ಬೇರೆಯಾಗಿಯೇ ನೋಡಬೇಕಾಯಿತು. ನಿರಂತರ ಜ್ಯೋತಿಯ ಫೀಡರ್ ಇದ್ದರೂ ಗಾಳಿ ಮಳೆಗೆ ಹೋಗುವುದು ತಪ್ಪಿಲ್ಲ. ಮನೆಯ ಪೆಟ್ಟಿಗೆ 12 ವೋಲ್ಟಿನಲ್ಲಿ ಸುಮಾರು 10 ವ್ಯಾಟ್ ತಿನ್ನುತ್ತದೆ. 12 ವೋಲ್ಟ್ 7 ಎಎಚ್ ಬ್ಯಾಟರಿಯಲ್ಲಿ 84 ವ್ಯಾಟ್‌ಅವರ್, ಅದರಲ್ಲಿ ಶೇ. 60 ಬಳಸಿದರೆ ಐದು ತಾಸು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುತ್ತಾ ಹೋದರೆ ಬೇಗ ಸಾಯುತ್ತದೆ, ಆದ್ದರಿಂದ ವೋಲ್ಟೇಜ್ ಇಳಿದಾಗ ತಾನೇ ಕಡಿದುಕೊಳ್ಳುವ ಮಿನಿ ಯುಪಿಎಸ್ ಒಳ್ಳೆಯದು.

ಒಂದು ದೌರ್ಬಲ್ಯ ಮಾತ್ರ ಉಳಿದಿದೆ. ದಾವಣಗೆರೆಯಿಂದ ಬರುವುದು ಒಂದೇ ದಾರಿ, ಅದು ಕಡಿದರೆ ಊರೆಲ್ಲ ಕತ್ತಲೆ. 2023ರ ಆಗಸ್ಟಿನಲ್ಲಿ 1.39 ಲಕ್ಷ ಕೋಟಿ ರೂ.ಗಳ ಪರಿಷ್ಕೃತ ಭಾರತ್‌ನೆಟ್ (ಹಳ್ಳಿಗಳಿಗೆ ಫೈಬರ್ ಮುಟ್ಟಿಸುವ ಕೇಂದ್ರ ಸರ್ಕಾರದ ಯೋಜನೆ) ಒಪ್ಪಿಗೆ ಪಡೆದಾಗ ನೇರ ಗೆರೆಯ ಜಾಲವನ್ನು ಉಂಗುರದ ಆಕಾರಕ್ಕೆ ತಿರುಗಿಸುವುದು ಅದರ ಮುಖ್ಯ ಅಂಶವಾಗಿತ್ತು. ಉಂಗುರವಾದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ. ಅದು ಪಂಚಾಯಿತಿ ಕೇಂದ್ರಕ್ಕೆ ಬಂದ ಮೇಲೆ ಈ ಹಳ್ಳಿಗೆ ಇನ್ನೂ ಮೂರು ಕಿ.ಮೀ. ಬಾಕಿ.

ಮೋರಿಯ ಎರಡನೇ ಹಂತದ ಕೆಲಸ ಇನ್ನೂ ಇದೆ. ಕಾಂಕ್ರೀಟ್ ಹಾಕುವ ಮುಂಚೆಯೇ ಗುತ್ತಿಗೆದಾರರನ್ನು ಕಂಡು, ಅದರೊಳಗೆ 40 ಮಿ.ಮೀ.ಯ ಎರಡು ಎಚ್‌ಡಿಪಿಇ ಪೈಪ್ ಇಡಿಸಲಾಗಿದೆ, ಒಂದು ಈ ಕೇಬಲಿಗೆ, ಇನ್ನೊಂದು ಮುಂದೆ ಬರುವವರಿಗೆ. ಪ್ರತಿ ಕ್ಲೋಷರಿನ ಮುಚ್ಚಳದ ಒಳಗೆ ಲ್ಯಾಮಿನೇಟ್ ಮಾಡಿದ ಚೀಟಿ ಅಂಟಿದೆ: ಯಾವ ಎಳೆ ಎಲ್ಲಿಗೆ, ಅವತ್ತಿನ ಅಳತೆ, ತಾರೀಖು, ಕರೆಯಬೇಕಾದ ನಂಬರ್.